ಸಾಹೇಬರ ಕಲ್ಲು

ರೇವಣಸಿದ್ದಪ್ಪ ಆ ದಿನ ಬೆಳಿಗ್ಗೆ ಬಾಯನ್ನು ಉಪ್ಪಿಟ್ಟು ತಿನ್ನುವುದಕ್ಕಷ್ಟೇ ತೆರೆದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಹನ್ನೆರಡು ವರ್ಷ ಅಬುಧಾಬಿಯ ಕಡೆ ರುವೈಸಿನ ಮರಳು ನುಂಗಿದರೂ ಅವನ ನಾಲಿಗೆ ಮಾತ್ರ ಚಿಕ್ಕಜಾಲಿಗೇರಿಯ ಅಗಸಿ ಕಟ್ಟೆಯ ಮೇಲೇ ಉಳಿದಿತ್ತು. ಯಾರು ಏನೇ ಹೇಳಲಿ, ‘ಅದು ನಮ್ಮೂರಾಗೂ ಐತಿ’ ಎನ್ನದೆ ಅದಕ್ಕೆ ಸಮಾಧಾನವಿಲ್ಲ. ಬುರ್ಜು, ಮೆಟ್ರೋ ಬಿಟ್ಟರೆ ಉಳಿದದ್ದೆಲ್ಲ ಅವನ ಊರಿನಲ್ಲಿ ಇತ್ತು.

ಅವನಿದ್ದದ್ದು ರಿಫೈನರಿಯ ರಿಪೇರಿ ಕೆಲಸ ಹಿಡಿದ ಒಂದು ಸಣ್ಣ ಕಾಂಟ್ರಾಕ್ಟ್ ಕಂಪನಿಯಲ್ಲಿ. ಅಲ್ಲಿ ಎಲ್ಲಿಯಾದರೂ ಒಂದು ವೆಲ್ಡಿಂಗ್ ಕಿಡಿ ಹಾರಬೇಕಾದರೆ ಮೊದಲು ಪರ್ಮಿಟ್ಟಿಗೆ ಸಹಿ ಬೀಳಬೇಕು. ಸಹಿಯ ಅಧಿಕಾರ ಇದ್ದದ್ದು ಇಬ್ಬರಿಗೇ. ಒಬ್ಬರು ಮ್ಯಾನೇಜರ್ ಡ್ಯಾರಲ್ ಸಾಹೇಬರು, ಇನ್ನೊಬ್ಬ ರೇವಣಸಿದ್ದಪ್ಪ. ಇಬ್ಬರಲ್ಲಿ ಒಬ್ಬರು ಸೈಟಿನಲ್ಲಿ ಇರಲೇಬೇಕು, ಇಬ್ಬರೂ ಒಟ್ಟಿಗೆ ರಜೆ ಹೋಗುವಂತಿಲ್ಲ.

ಕಳೆದ ವರ್ಷ ಅಪ್ಪ ಲಿಂಗೈಕ್ಯನಾದಾಗ ಡ್ಯಾರಲ್ ಸಾಹೇಬರು ಸ್ಕಾಟ್ಲೆಂಡಿನಲ್ಲಿದ್ದರು. ರೇವಣಸಿದ್ದಪ್ಪ ಇಲ್ಲಿ ಆ ದಿನ ಹದಿನಾರು ಪರ್ಮಿಟ್ಟಿಗೆ ಸಹಿ ಹಾಕಿದ. ಅಲ್ಲಿ ತಮ್ಮನೇ ಮುಂದೆ ನಿಂತು, ಹೊಲದಲ್ಲಿ ಕುಣಿ ತೆಗೆಸಿ, ಅಪ್ಪನನ್ನು ಕೂರಿಸಿ, ವಿಭೂತಿ ಪತ್ರಿ ಹಾಕಿ ಮಣ್ಣು ಮಾಡಿದ. ದೊಡ್ಡ ಮಗನ ಕೈಯ ಮೂರು ಹಿಡಿ ಮಣ್ಣು ಬೀಳಲೇ ಇಲ್ಲ. ಆಮೇಲೆ ತಮ್ಮ ಗದ್ದುಗೆಯ ಫೋಟೊಗಳನ್ನು ಕಳಿಸಿದ್ದ. ಅವನ್ನು ದೊಡ್ಡದು ಮಾಡಿ ನೋಡುವ ಧೈರ್ಯ ರೇವಣಸಿದ್ದಪ್ಪನಿಗೆ ಬಂದಿರಲಿಲ್ಲ.

ಈ ತಿಂಗಳ ಹದಿನೆಂಟಕ್ಕೆ ವರ್ಷದ ಪುಣ್ಯಸ್ಮರಣೆ. ಹತ್ತು ದಿನ ರಜೆ ಕೇಳಿ ಅವನು ಬರೆದ ಅರ್ಜಿ ಒಂದು ತಿಂಗಳಿನಿಂದ ಡ್ಯಾರಲ್ ಸಾಹೇಬರ ಮೇಜಿನ ಮೇಲೆ ಕಾಫಿ ಮಗ್ಗಿನ ಕೆಳಗೆ ಇತ್ತು. ಅದರ ಮೇಲೆ ಮಗ್ಗಿನ ಗುರುತುಗಳು ಬಿದ್ದಿದ್ದವೇ ಹೊರತು ಸಹಿ ಬಿದ್ದಿರಲಿಲ್ಲ. ಸಾಹೇಬರಿಗೆ ಬೇರೆ ಚಿಂತೆ ಹತ್ತಿತ್ತು.

ಆ ಚಿಂತೆ ಅವರ ಕುಲದ್ದು. ಡ್ಯಾರಲ್ ಸಾಹೇಬರು ಮ್ಯಾಕ್‌ಕ್ರಿಂಡಲ್ ಎಂಬ ಸ್ಕಾಟಿಷ್ ಕುಲದವರು. ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಬಂದು ವಂಶಾವಳಿ ಓದುವ ಹಾಗೆ ಅವರಿಗೂ ಒಬ್ಬ ಹೆಳವಿ ಇದ್ದಳು, ಪ್ಯಾಟ್ರಿಶಿಯಾ ಅಂತ. ಕುಲದ ದಫ್ತರ ಅವಳ ಕೈಯಲ್ಲಿ. ಡ್ಯಾರಲ್ ಸಾಹೇಬರ ಶಾಖೆಯನ್ನು ಆ ದಫ್ತರದಲ್ಲಿ ಸೇರಿಸಲು ಆಕೆ ಒಪ್ಪಿರಲಿಲ್ಲ. ಐದು ತಲೆಮಾರಿನ ಹಿಂದಿನ ಅಜ್ಜ ಅಲಾಸ್ಟೇರ್ ಎಂಬವನು ಇಂಡಿಯಾಕ್ಕೆ ರಸ್ತೆ ಮಾಡಿಸಲು ಹೋದವನು ಅಲ್ಲೇ ಸತ್ತಿದ್ದ. ಅವನ ಗೋರಿ ತೋರಿಸಿದರೆ ಹೆಸರು ಸೇರಿಸುವೆ, ಇಲ್ಲವಾದರೆ ಇಲ್ಲ ಎಂದು ಹೆಳವಿ ಪಟ್ಟು ಹಿಡಿದಿದ್ದಳು. ಈ ವರ್ಷದ ದಫ್ತರ ಮುಚ್ಚುವುದು ಇವತ್ತು ಸಂಜೆ ನಾಲ್ಕಕ್ಕೆ.

ಕ್ಯಾಂಟೀನಿನಲ್ಲಿ ಸಾಹೇಬರು ಹಳೆಯ ಕಾಗದವೊಂದನ್ನು ಹರಡಿಕೊಂಡು ನಿಟ್ಟುಸಿರು ಬಿಡುತ್ತ ಕೂತಿದ್ದರು. ಎದುರಿಗೆ ಉಪ್ಪಿಟ್ಟಿನ ಡಬ್ಬಿಯೊಂದಿಗೆ ರೇವಣಸಿದ್ದಪ್ಪ. ಪಕ್ಕದಲ್ಲಿ ಸರ್ವೋತ್ತಮ. ಕಾಪುವಿನವನಾದ ಈ ಸರ್ವೋತ್ತಮ ಆಫೀಸಿನಲ್ಲಿ ರಜೆ, ಟಿಕೆಟ್, ವೀಸಾ ನೋಡಿಕೊಳ್ಳುವವನು. ಆ ಕೆಲಸ ಹತ್ತು ಗಂಟೆಗೆಲ್ಲ ಮುಗಿಯುತ್ತಿತ್ತು. ಉಳಿದ ಹೊತ್ತು ಊರ ಉಸಾಬರಿ.

“ಅಜ್ಜ ಸತ್ತ ಊರು ಎಲ್ಲಿದೆಯೋ ಗೊತ್ತಾಗುತ್ತಿಲ್ಲ,” ಎಂದು ಸಾಹೇಬರು ಕಾಗದದ ಮೇಲೆ ಬೆರಳಿಟ್ಟರು. “ಚಿಕ್ ಜ್ಯಾಲಿಗೆರಿ. ಯಾವ ನಕ್ಷೆಯಲ್ಲೂ ಇಲ್ಲ.”

ರೇವಣಸಿದ್ದಪ್ಪನ ಬಾಯಲ್ಲಿ ಉಪ್ಪಿಟ್ಟಿತ್ತು. ನುಂಗುವಷ್ಟೂ ತಾಳ್ಮೆ ಇರಲಿಲ್ಲ.

“ಸರ್! ಇದು ನಮ್ಮೂರು ಸರ್! ಸಾಹೇಬರ ಗೋರಿಗಳು ನಮ್ಮ ಹೊಲದ ಹಿಂದೇನೇ ಇವೆ! ಬಿಳಿ ಕಲ್ಲು, ಮೇಲೆ ಬರಹ ಇದೆ. ನಾನು ಚಿಕ್ಕವನಿದ್ದಾಗ ಅದರ ಮೇಲೆ ಕೂತು ಆಡಿದ್ದೀನಿ!”

ಡ್ಯಾರಲ್ ಸಾಹೇಬರು ಎದ್ದು ನಿಂತರು. ಅವರ ಕೆಂಪು ಮುಖ ಇನ್ನಷ್ಟು ಕೆಂಪಾಯಿತು. “ರೇವನ್, ನಾಲ್ಕು ಗಂಟೆಯೊಳಗೆ ಒಂದು ಫೋಟೊ ತರಿಸು. ಆಮೇಲೆ ನೀನು ಏನು ಕೇಳಿದರೂ ಇಲ್ಲ ಎನ್ನುವುದಿಲ್ಲ.”

ಏನು ಕೇಳುವುದು ಎಂದು ರೇವಣಸಿದ್ದಪ್ಪ ಯೋಚಿಸಬೇಕಾಗಿರಲಿಲ್ಲ. ಹತ್ತು ದಿನ. ಅಪ್ಪನ ಗದ್ದುಗೆಯ ಮುಂದೆ ಒಮ್ಮೆ ಅಡ್ಡಬಿದ್ದು ತಪ್ಪಾಯಿತು ಅನ್ನಬೇಕು, ಅಷ್ಟೇ. ಅವನು ಹೊರಗೆ ಓಡಿ ತಮ್ಮನಿಗೆ ಫೋನು ಹಚ್ಚಿದ.

ತಮ್ಮನ ಹೆಸರು ಪ್ರೀತಮ. ಅಣ್ಣ ತಮ್ಮಂದಿರ ನಡುವೆ ಹನ್ನೆರಡು ವರ್ಷ ಅಂತರ. ಅಣ್ಣನಿಗೆ ಹೆಸರಿಡುವಾಗ ಊರಲ್ಲಿ ಮಠ ಮಾತ್ರ ಇತ್ತು, ತಮ್ಮನ ಹೊತ್ತಿಗೆ ಟಿವಿ ಬಂದಿತ್ತು.

“ತಮ್ಮಾ, ಹೊಲದ ಹಿಂದ ಸಾಹೇಬ್ರ ಗೋರಿ ಅದಾವಲ್ಲ, ಅಲ್ಲಿಗೆ ಹೋಗಿ ಬಿಳೇ ಕಲ್ಲಿಂದೊಂದು ಫೋಟೊ ಹೊಡದು ಕಳಸು. ಅರ್ಜೆಂಟ್.”

“ಯಾವ ಕಲ್ಲಣ್ಣಾ?”

“ಹಾಲಗಲ್ಲಲೇ. ನೀ ಸಣ್ಣಾಂವಿದ್ದಾಗ ಅದರ ಮ್ಯಾಲ ಕುಂದ್ರಿಸಿ ಬಾರಿಹಣ್ಣು ತಿನಸ್ತಿದ್ದೆ.”

“ಅದು ಅಲ್ಲಿಲ್ಲಣ್ಣಾ.”

“ಮತ್ತೆಲ್ಲೈತಿ?”

“ಅಪ್ಪನ ಮ್ಯಾಲ ಐತಿ.”

ರೇವಣಸಿದ್ದಪ್ಪ ಅಲ್ಲೇ ಇದ್ದ ಪೈಪಿನ ಮೇಲೆ ಕೂತ. ಪೈಪು ಬಿಸಿಲಿಗೆ ಕಾದು ಕೆಂಡವಾಗಿದ್ದು ಅವನಿಗೆ ತಿಳಿದದ್ದು ಸ್ವಲ್ಪ ತಡವಾಗಿ.

“ನೀ ಏನಂದಿದ್ದಿ?” ಪ್ರೀತಮನ ದನಿಯಲ್ಲಿ ಸಿಟ್ಟೂ ಇತ್ತು, ಹೆದರಿಕೆಯೂ ಇತ್ತು. “ಗದ್ದಿಗಿ ಕಲ್ಲು ನಾನ ಬಂದು ಹಾಕಸ್ತೀನಿ, ನೀ ಸುಮ್ಮನಿರು ಅಂದಿ. ಐದು ತಿಂಗಳಾತು, ನೀ ಬರಲಿಲ್ಲ. ದುಬೈನ್ಯಾಗ ಮಗಾ ಅದಾನ, ಅಪ್ಪಗ ಒಂದು ಕಲ್ಲಿಲ್ಲ ಅಂತ ಮಂದಿ ಆಡಿಕೊಳ್ಳಾಕ ಹತ್ತಿದ್ರು. ಅವ್ವ ಹೊರಗ ಬರೋದ ಬಿಟ್ಲು. ಆ ಕಲ್ಲು ಜಾಲಿಕಂಟಿಯೊಳಗ ಮಕಾಡೆ ಬಿದ್ದಿತ್ತು, ಹೇಳವರಿಲ್ಲ ಕೇಳವರಿಲ್ಲ. ರಾತ್ರೋರಾತ್ರಿ ಟೆಂಪೋದಾಗ ಹೇರಿಕೊಂಡು ಹೋಗಿ ಬಾಗಲಕೋಟಿಯೊಳಗ ಪಾಲಿಶ್ ಮಾಡಿಸಿಕೊಂಡು ಬಂದೆ. ಅಣ್ಣ ದುಬೈದಿಂದ ಕಳಿಸ್ಯಾನ ಅಂತ ಊರಿಗೆ ಹೇಳಿದೆ.”

“ಅವ್ವಗೂ ಹಂಗ ಹೇಳಿದೇನು?”

“ಮೊದಲ ಅವ್ವಗ ಹೇಳಿದೆ.”

“ಅದರ ಮ್ಯಾಲ ಬರದದ್ದು ಯಾರೂ ಓದಲಿಲ್ಲೇನಲೇ?”

“ಸಾಲಿ ಮಾಸ್ತರು ನೋಡಿದ್ರು. ಅಕ್ಷರ ಎಬಿಸಿಡಿನ ಅದಾವ, ಆದ್ರ ಇಂಗ್ಲಿಷ್ ಅಲ್ಲ ಅಂದ್ರು. ದುಬೈ ಕಡೆ ಇಂಗ್ಲಿಷ್ ಹಂಗ ಇರತೈತ್ರಿ ಅಂದೆ.”

ಮಾಸ್ತರರ ತಪ್ಪಿಲ್ಲ. ಆ ಅಲಾಸ್ಟೇರ್ ಅಜ್ಜನಿಗೆ ಇಂಗ್ಲಿಷರನ್ನು ಕಂಡರೆ ಆಗುತ್ತಿರಲಿಲ್ಲವಂತೆ. ತನ್ನ ಗೋರಿಯ ಮೇಲೆ ಗೇಲಿಕ್ ಎಂಬ ಸ್ಕಾಟ್ಲೆಂಡಿನ ಹಳೆಯ ಭಾಷೆಯಲ್ಲೇ ಕೆತ್ತಬೇಕು ಎಂದು ಬರೆದಿಟ್ಟು ಸತ್ತಿದ್ದ.

‘ಕಲ್ಲು ಬಾಳ ಚಂದ ಐತಪ್ಪಾ’ ಎಂದು ಅವ್ವ ಒಂದೆರಡು ಸಲ ಫೋನಿನಲ್ಲಿ ಅಂದದ್ದು ರೇವಣಸಿದ್ದಪ್ಪನಿಗೆ ನೆನಪಾಯಿತು. ತಮ್ಮ ಹಾಕಿಸಿದ ಕಲ್ಲನ್ನು ಹೊಗಳುತ್ತಿದ್ದಾಳೆ ಎಂದುಕೊಂಡು ಅವನು ‘ಆತು ಬಿಡವ್ವಾ’ ಎಂದಿದ್ದ. ಆ ದನಿ ಅಷ್ಟು ಮೆತ್ತಗೆ ಯಾಕಿತ್ತು ಎಂದು ಈಗ ತಿಳಿಯಿತು. ಕಲ್ಲು ಕಳಿಸಿದ ಮಗನ ಹೊಗಳಿಕೆ ಅದು. ಕಳಿಸಬೇಕಾದವನು ಕಳಿಸಿರಲಿಲ್ಲ.

“ಎಂಥದು ಮಾರಾಯ್ರೆ, ಮುಖ ಸುಣ್ಣ ಬಳಿದ ಹಾಗೆ ಆಗಿದೆ?” ಸರ್ವೋತ್ತಮ ಹಿಂದೆಯೇ ನಿಂತಿದ್ದ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುವ ಹಾಗಿತ್ತು. ರೇವಣಸಿದ್ದಪ್ಪ ಎಲ್ಲ ಹೇಳಿದ.

“ಇಷ್ಟಕ್ಕೆ ತಲೆಬಿಸಿಯಾ? ಅವರಿಗೆ ಬೇಕಾದ್ದು ಕಲ್ಲಿನ ಫೋಟೊ. ಕಲ್ಲು ಯಾರ ಮೇಲೆ ಉಂಟು ಅಂತ ಅವರು ಕೇಳಿದ್ರಾ? ಅಕ್ಷರ ಮಾತ್ರ ಕಾಣುವ ಹಾಗೆ ಒಂದು ಫೋಟೊ ಹೊಡೆಸಿ. ಖಲಾಸ್.”

ಬುದ್ಧಿವಂತನ ಮಾತು ಎಂದುಕೊಂಡ ರೇವಣಸಿದ್ದಪ್ಪ ತಮ್ಮನಿಗೆ ಹಾಗೇ ಹೇಳಿದ. ಇಲ್ಲಿಗೆ ನಿಂತಿದ್ದರೆ ಎಲ್ಲ ನೆಟ್ಟಗಿರುತ್ತಿತ್ತು. ಆದರೆ ಸರ್ವೋತ್ತಮನಿಗೆ ಒಳ್ಳೆಯ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ಅಜೀರ್ಣ. ಅವನು ನೇರ ಸಾಹೇಬರ ಕೋಣೆಗೆ ಹೋದ. “ಗೋರಿ ಸಿಕ್ಕಿತು ಸರ್! ರೇವಣ್ಣನ ತಮ್ಮ ಈಗ ಅಲ್ಲೇ ಹೋಗ್ತಾ ಇದ್ದಾನೆ. ಫೋಟೊ ಯಾಕೆ ಸರ್, ವಿಡಿಯೋದಲ್ಲೇ ನೋಡಬಹುದು!”

ಎರಡೂವರೆಗೆ ಮೀಟಿಂಗ್ ರೂಮಿನ ದೊಡ್ಡ ಪರದೆಯ ಒಂದು ಬದಿಗೆ ಪ್ಯಾಟ್ರಿಶಿಯಾ ಬಂದಳು. ಬಿಳಿ ಕೂದಲು, ಹೆಗಲ ಮೇಲೆ ಚೌಕಳಿ ಶಾಲು, ಕೈಯಲ್ಲಿ ದಫ್ತರ. ಇನ್ನೊಂದು ಬದಿಗೆ ಚಿಕ್ಕಜಾಲಿಗೇರಿಯ ಬಿಸಿಲು, ನಡುವೆ ಪ್ರೀತಮನ ಹೆಬ್ಬೆರಳು. ಹೆಬ್ಬೆರಳು ಸರಿದಾಗ ಗದ್ದುಗೆ ಕಂಡಿತು.

ಅಡ್ಡಕ್ಕೆ ಮೂರು ಗೆರೆ ವಿಭೂತಿ, ಚೆಂಡುಹೂವಿನ ಮಾಲೆ, ಒಡೆದ ತೆಂಗಿನಕಾಯಿ, ಆರಿದ ಊದಿನಕಡ್ಡಿ. ನಡುವೆ ಬೆಳ್ಳಗೆ ಹೊಳೆಯುವ ಕಲ್ಲು. ಒಂದು ವರ್ಷ ನೋಡಲಾರದೆ ಉಳಿಸಿಕೊಂಡಿದ್ದನ್ನು ರೇವಣಸಿದ್ದಪ್ಪ ಗೋಡೆಯಗಲ ನೋಡಬೇಕಾಯಿತು. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ.

“ಇದೆಲ್ಲ ಏನು? ಹೂವು ಯಾರು ಹಾಕಿದ್ದು?” ಡ್ಯಾರಲ್ ಸಾಹೇಬರು ಬೆರಗಿನಿಂದ ಕೇಳಿದರು.

ರೇವಣಸಿದ್ದಪ್ಪ ಬಾಯಿ ತೆರೆಯುವ ಮೊದಲೇ ಸರ್ವೋತ್ತಮ ಹೇಳಿಬಿಟ್ಟ. “ಪೂಜೆ ಸರ್. ಊರಿನವರು ನಿಮ್ಮ ಅಜ್ಜನಿಗೆ ಪೂಜೆ ಮಾಡ್ತಾರೆ. ತುಂಬಾ ಕಾರಣಿಕದ ಜಾಗ ಸರ್ ಅದು.”

ಪ್ಯಾಟ್ರಿಶಿಯಾ ಕನ್ನಡಕ ಸರಿಪಡಿಸಿಕೊಂಡಳು. ವಿಭೂತಿಯಿಂದ ಅಕ್ಷರ ಮುಚ್ಚಿದೆ, ಕಾಣುತ್ತಿಲ್ಲ ಎಂದಳು. ಅಷ್ಟರಲ್ಲಿ ಪರದೆಯೊಳಗೆ ಕೈಯಲ್ಲಿ ತಂಬಿಗೆ ಹಿಡಿದ ಹೆಂಗಸೊಬ್ಬಳು ಬಂದಳು. ರೇವಣಸಿದ್ದಪ್ಪನ ತಾಯಿ ರುದ್ರವ್ವ.

“ಯಾರಲೇ ಪೋನಿನ್ಯಾಗ? ರೇವಣ್ಯಾ ಏನು? ಅವನ ಬಾಜೂಕ ಕುಂತಾರಲ್ಲ, ಕೆಂಪ ಮಾರಿಯವರು, ಅವರ್ಯಾರು?”

“ನಮ್ಮ ಸಾಹೇಬ್ರವ್ವಾ,” ಎಂದ ರೇವಣಸಿದ್ದಪ್ಪ.

ರುದ್ರವ್ವ ಸೆರಗು ತಲೆ ಮೇಲೆ ಎಳೆದುಕೊಂಡಳು. “ಶರಣ್ರೀ ಸಾಹೇಬ್ರ. ನೋಡ್ರಿ, ನನ್ನ ಮಗಾ ಅವರಪ್ಪಗಂತ ಅಲ್ಲಿಂದ ಕಳಿಸಿದ ಕಲ್ಲು. ಇಂಥಾದು ಸುತ್ತ ಹತ್ತೂರಾಗ ಇಲ್ಲ.”

“ಏನು ಹೇಳುತ್ತಿದ್ದಾರೆ ರೇವನ್?”

“ಈ ಕಲ್ಲನ್ನು ನಮ್ಮ ಮನೆಯವರ ಕಲ್ಲು ಅಂತಲೇ ನೋಡಿಕೊಳ್ತೀವಿ ಅಂತಾರೆ ಸರ್.” ಇದರಲ್ಲಿ ಸುಳ್ಳೆಷ್ಟು ನಿಜವೆಷ್ಟು ಎಂದು ಕೇಳಿದ್ದರೆ ಅವನೂ ಹೇಳಲಾರ.

ರುದ್ರವ್ವ ತಂಬಿಗೆಯ ನೀರು ಹೊಯ್ದು ಸೆರಗಿನ ತುದಿಯಿಂದ ಕಲ್ಲು ಒರೆಸಿದಳು. ವಿಭೂತಿ ಹರಿದು ಅಕ್ಷರಗಳು ಒಂದೊಂದಾಗಿ ಎದ್ದವು. ಒರೆಸುತ್ತಲೇ ಮಾತಾಡಿದಳು. “ದಿನಾ ಇಷ್ಟೊತ್ತಿಗೆ ಬಂದು ನೀರ ಹಾಕಿ, ಅವರ ಕೂಡ ಎರಡು ಮಾತಾಡಿ ಹೋಗತೀನ್ರಿ. ಮಗಗ ಬರಾಕಾಗಲಿಲ್ಲ, ಅವನ ಕಲ್ಲರ ಬಂತಲ್ಲ ಅಂತ ಅವರಿಗೂ ಹೇಳತೀನಿ, ನನಗೂ ಹೇಳ್ಕೋತೀನಿ.”

“ಈಗ?” ಎಂದರು ಸಾಹೇಬರು.

“ದಿನಾ ಬಂದು ಮಾತಾಡಿಸಿ ಹೋಗ್ತಾರಂತೆ ಸರ್,” ಎಂದ ರೇವಣಸಿದ್ದಪ್ಪ. ಆ ದಿನ ಅವನಾಡಿದ ಮಾತುಗಳಲ್ಲಿ ಕಲಬೆರಕೆ ಇಲ್ಲದ್ದು ಅದೊಂದೇ. ಅದನ್ನು ಆಡಿ ಮುಗಿಸುವಾಗ ಕಣ್ಣಲ್ಲಿ ನೀರು ತುಂಬಿತ್ತು.

ಅವನ ಕಣ್ಣು ನೋಡಿ ಸಾಹೇಬರ ಕಣ್ಣೂ ತುಂಬಿತು. ಆ ಕಡೆ ಪ್ಯಾಟ್ರಿಶಿಯಾ ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿ ಇಂಗ್ಲಿಷಿನಲ್ಲಿ ಅರ್ಥ ಹೇಳಿದಳು. ಹೆಸರು ಅಲಾಸ್ಟೇರ್ ಮ್ಯಾಕ್‌ಕ್ರಿಂಡಲ್. ಕೆಳಗೆ ಎರಡೇ ಸಾಲು. ‘ಹನ್ನೊಂದು ವರ್ಷದ ಮೇಲೆ ಊರಿಗೆ ಹೋಗಲು ರಜೆ ಸಿಕ್ಕಿತು. ಮೂರನೆಯ ದಿನ ಜ್ವರ ಬಂತು.’

ಪ್ಯಾಟ್ರಿಶಿಯಾ ಅಲ್ಲೇ ದಫ್ತರದಲ್ಲಿ ಬರೆದುಕೊಂಡಳು. ಇನ್ನು ನೀನು ನಮ್ಮವನು ಎಂದಳು. ಡ್ಯಾರಲ್ ಸಾಹೇಬರು ಕರ್ಚೀಫು ತೆಗೆದು ಎಳೆಮಗುವಿನಂತೆ ಅತ್ತರು.

ರುದ್ರವ್ವನಿಗೆ ಕರುಳು ಚುರ್ ಎಂದಿತು. “ಅಯ್ಯ, ಸಾಹೇಬ್ರು ಅಳಾಕತ್ತಾರಲ್ಲೋ! ನಮ್ಮವರ ಮಾರಿ ನೋಡಿದವರಲ್ಲ, ಆದ್ರೂ ಎಂಥಾ ಕರುಳು ನೋಡು! ಸಾಹೇಬ್ರ, ಹದಿನೆಂಟಕ್ಕ ವರ್ಷದ ಪೂಜಿ ಐತ್ರಿ. ಅಯ್ನೋರು ಬರತಾರ, ಊರಿಗೆಲ್ಲ ಹೋಳಿಗಿ ಊಟ. ನೀವು ಬರಾಕ ಬೇಕು ನೋಡ್ರಿ.”

“ಏನಂತೆ?”

ರೇವಣಸಿದ್ದಪ್ಪ ಕಣ್ಣೊರೆಸಿಕೊಂಡ. “ಊಟ ಆಯ್ತಾ ಅಂತ ಕೇಳ್ತಾರೆ ಸರ್.”

“ಅಲ್ಲ ಮಾರಾಯ್ರೆ!” ಸರ್ವೋತ್ತಮನಿಗೆ ಸುಳ್ಳು ಕಂಡರಾಗದು, ಅದು ತನ್ನದಲ್ಲದಿದ್ದರೆ. “ಅವರು ಹದಿನೆಂಟಕ್ಕೆ ಕರೆದದ್ದಲ್ವಾ? ಪಾಪ, ಅಷ್ಟು ಬಾಯ್ತುಂಬ ಕರೀತಿದ್ದಾರೆ.” ಎಂದವನೇ ತಾರೀಖು, ಪೂಜೆ, ಹೋಳಿಗೆ ಒಂದನ್ನೂ ಬಿಡದೆ ಇಂಗ್ಲಿಷಿನಲ್ಲಿ ವಿವರಿಸಿದ. ಹೋಳಿಗೆಗೆ ಕೈಯಲ್ಲಿ ಆಕಾರ ಮಾಡಿ ತೋರಿಸಿದ.

ಮೂರೂವರೆಗೆ ಸಾಹೇಬರು ರೇವಣಸಿದ್ದಪ್ಪನನ್ನು ಕೋಣೆಗೆ ಕರೆದರು. ಮೇಜಿನ ಮೇಲೆ ಕಾಫಿ ಮಗ್ಗು ಪಕ್ಕಕ್ಕೆ ಸರಿದಿತ್ತು. ರಜೆಯ ಅರ್ಜಿ ಅವರ ಕೈಯಲ್ಲಿತ್ತು. ಆದದ್ದೆಲ್ಲ ಒಳ್ಳೆಯದಕ್ಕೇ ಆಯಿತು ಎಂದು ಒಂದು ಗಳಿಗೆ ಅವನಿಗೆ ಅನಿಸಿತು.

“ಏನು ಕೇಳಿದರೂ ಇಲ್ಲ ಎನ್ನುವುದಿಲ್ಲ ಎಂದಿದ್ದೆ,” ಎಂದರು ಸಾಹೇಬರು. “ಅದಕ್ಕೇ ಹೇಳಲು ಕಷ್ಟವಾಗುತ್ತಿದೆ. ನೀನು ಕೇಳಿದ ದಿನಗಳಿಗೇ ನಾನು ಹೋಗಬೇಕಾಗಿದೆ. ನೂರೆಂಬತ್ತು ವರ್ಷ ನಮ್ಮವರು ಯಾರೂ ಅವನನ್ನು ನೋಡಲು ಹೋಗಿಲ್ಲ. ನಿನ್ನ ತಾಯಿ ಕರೆದ ಮೇಲೂ ಹೋಗದಿದ್ದರೆ ನಾನು ಮನುಷ್ಯನೇ ಅಲ್ಲ. ನಿನಗೆ ಮುಂದಿನ ತಿಂಗಳು ಎಷ್ಟು ದಿನ ಬೇಕಾದರೂ ಕೊಡುತ್ತೇನೆ.”

ಮುಂದಿನ ತಿಂಗಳು ಅಪ್ಪನ ಹದಿನೆಂಟು ಇರುವುದಿಲ್ಲ. ರೇವಣಸಿದ್ದಪ್ಪನಿಗೆ ಇನ್ನು ತಡೆಯಲಾಗಲಿಲ್ಲ. “ಸರ್, ಆ ಕಲ್ಲಿನ ಕೆಳಗಿರೋದು ನನ್ನ ತಂದೆ.”

ಡ್ಯಾರಲ್ ಸಾಹೇಬರು ಎದ್ದು ಬಂದು ಅವನನ್ನು ತಬ್ಬಿಕೊಂಡರು. “ಗೊತ್ತು ರೇವನ್, ಗೊತ್ತು. ನಿನ್ನ ತಾಯಿ ಕಲ್ಲು ಒರೆಸಿದ್ದು ನೋಡಿದಾಗಲೇ ಗೊತ್ತಾಯಿತು. ನನಗೆ ಅಜ್ಜ, ನಿನಗೆ ತಂದೆ. ನಮ್ಮಿಬ್ಬರ ಪರವಾಗಿಯೂ ನಾನೇ ಹೂವು ಇಡುತ್ತೇನೆ.”

ಬಿಡಿಸಿ ಹೇಳಬಹುದಿತ್ತು. ಹೇಳಿದರೆ ತಮ್ಮ ಕಳ್ಳನಾಗುತ್ತಾನೆ. ಕಲ್ಲು ಮತ್ತೆ ಜಾಲಿಕಂಟಿಗೆ ಹೋಗುತ್ತದೆ, ಅಪ್ಪನ ಗದ್ದುಗೆ ಮತ್ತೆ ಬೋಳಾಗುತ್ತದೆ. ಅವ್ವ ಮತ್ತೆ ಹೊರಗೆ ಬರುವುದನ್ನು ಬಿಡುತ್ತಾಳೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೆಳಿಗ್ಗೆ ಮುಚ್ಚಬೇಕಾಗಿದ್ದ ಬಾಯನ್ನು ರೇವಣಸಿದ್ದಪ್ಪ ಈಗ ಮುಚ್ಚಿಕೊಂಡ. ಸಾಹೇಬರ ರಜೆಯ ಕಾಗದದಲ್ಲಿ, ಅವರು ಬರುವ ತನಕ ಸೈಟಿನಲ್ಲಿ ಇರುತ್ತೇನೆ ಎಂಬಲ್ಲಿ ಸಹಿ ಹಾಕಿಕೊಟ್ಟ.

“ಅಬುಧಾಬಿಯಿಂದ ಹದಿನಾರಕ್ಕೆ ಒಳ್ಳೆ ಫ್ಲೈಟ್ ಉಂಟು ಸಾಹೇಬ್ರಿಗೆ,” ಎಂದ ಸರ್ವೋತ್ತಮ, ಉತ್ಸಾಹದಿಂದ. “ನೀವು ಬೇಜಾರು ಮಾಡಬೇಡಿ ಮಾರಾಯ್ರೆ. ಹೋಳಿಗೆ ಕಟ್ಟಿಸಿಕೊಂಡು ಬರ್ಲಿಕ್ಕೆ ಹೇಳುವ.”

ರೇವಣಸಿದ್ದಪ್ಪ ಅವನಿಗೆ ಹನ್ನೆರಡು ವರ್ಷದಲ್ಲಿ ಕಲಿತ ಅಷ್ಟೂ ಭಾಷೆಗಳಲ್ಲಿ ಒಂದೊಂದು ಬೈಗುಳ ಬೈದ, ಮನಸ್ಸಿನಲ್ಲೇ.

ಸಂಜೆ ಐದೂವರೆಗೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಅವ್ವನ ಫೋನು ಬಂತು.

“ನಿಮ್ಮ ಸಾಹೇಬ್ರು ಬರತಾರಂತಲ್ಲ, ಪ್ರೀತಮ ಹೇಳಿದ. ನೀ ಅವರ ಕೂಡ ಬರತೀ ಹೌದಲ್ಲೋ?”

“ಇಲ್ಲವ್ವಾ. ಅವರು ಬಂದ್ರ ನಾ ಇಲ್ಲಿರಬೇಕು.”

ಹಿಂದೆ ಎಲ್ಲೋ ಎಮ್ಮೆ ಕೂಗಿದ್ದು ಕೇಳಿಸಿತು. “ಆತು ಬಿಡಪ್ಪಾ. ಅಲ್ಲಿಂದ ಯಾರರ ಒಬ್ಬರು ಬರಾಕತ್ತಾರಲ್ಲ,” ಎಂದಳು.

ಅತ್ತರೆ ಅವಳಿಗೆ ಕೇಳಿಸುತ್ತದೆ ಎಂದು ರೇವಣಸಿದ್ದಪ್ಪ ಫೋನನ್ನು ಕಿವಿಯಿಂದ ದೂರ ಹಿಡಿದ. ಮತ್ತೆ ಹತ್ತಿರ ತಂದಾಗ ಅವಳ ದನಿಗೆ ಹುರುಪು ಬಂದಿತ್ತು.

“ಒಂದು ಚಲೋ ಆತು ನೋಡು. ಕಲ್ಲಿನ ಮ್ಯಾಲ ನಿಮ್ಮಪ್ಪನ ಸುದ್ದಿ ನೀ ಏನ ಬರಸೀದಿ ಅಂತ ಇಷ್ಟ ದಿನಾತು, ಯಾರೂ ಓದಿ ಹೇಳಲಿಲ್ಲ. ಮಾಸ್ತರ ಕೈಲೂ ಆಗಲಿಲ್ಲ. ನಿನ್ನ ಕೇಳೋಣಂದ್ರ, ನೀ ನೊಂದಕೋತಿ ಅಂತ ಸುಮ್ಮನಾದೆ. ಆ ಭಾಷಾ ನಿಮ್ಮ ಸಾಹೇಬ್ರಿಗೆ ತಿಳೀತೈತಂತಲ್ಲ! ಹದಿನೆಂಟಕ್ಕ ಊರ ಮಂದಿ ಮುಂದ ನಿಂದ್ರಿಸಿ ಅವರ ಕಡೆ ಓದಸ್ತೀನಿ. ಅವರು ಇಂಗ್ಲಿಷ್‌ದಾಗ ಹೇಳಲಿ, ಮಾಸ್ತರು ಕನ್ನಡದಾಗ ಹೇಳತಾರ. ಡಂಗುರಾನೂ ಸಾರಿಸೇನಿ.”

ಬಸ್ಸು ಬಂದು ನಿಂತಿತು. ಜನ ಹತ್ತಿದರು. ರೇವಣಸಿದ್ದಪ್ಪ ನಿಂತಲ್ಲೇ ನಿಂತಿದ್ದ.

“ಬಾಳ ಬರಸೀಯೇನು?” ಎಂದು ರುದ್ರವ್ವ ಕೇಳಿದಳು.

“ಇಲ್ಲವ್ವಾ. ಎರಡ ಸಾಲು.”

“ಎರಡಾದ್ರೂ ಸಾಕಪ್ಪಾ. ನಿನ್ನ ಮನಸಿನ್ಯಾಗಿಂದ ಬಂದದ್ದು ಹೌದಲ್ಲೋ?”

ಬಸ್ಸು ಅವನನ್ನು ಅಲ್ಲೇ ಬಿಟ್ಟು ಹೊರಟಿತು. ಹದಿನೆಂಟಕ್ಕೆ ಇನ್ನೂ ಒಂಬತ್ತು ದಿನ ಇತ್ತು.